ಕ್ರಿಯಾಟಿನಿನ್ ನಾರ್ಮಲ್, ಇ-ಜಿಎಫ್‌ಆರ್ ಮಾತ್ರ 55: ಯಾವುದನ್ನು ನಂಬಬೇಕು?

ಪ್ರಶ್ನೆ: ನನ್ನ ಅಮ್ಮನಿಗೆ 68 ವರ್ಷ. ಎತ್ತರ 150 ಸೆಂ.ಮೀ., ತೂಕ 48 ಕೆ.ಜಿ. ಹತ್ತು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಶುಗರ್ ಇಲ್ಲ. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 1.1 ಬಂತು. ರಿಪೋರ್ಟಿನ ಪ್ರಕಾರ ಅದು ನಾರ್ಮಲ್. ಆದರೆ ಅದರ ಕೆಳಗಿನ ಸಾಲಿನಲ್ಲೇ ಇ-ಜಿಎಫ್‌ಆರ್ 55, ಸ್ಟೇಜ್ 3ಎ ಅಂತ ದಪ್ಪ ಅಕ್ಷರದಲ್ಲಿದೆ. ಡಾಕ್ಟರು "ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣ" ಅಂದರು. ಒಂದೇ ರಕ್ತಕ್ಕೆ ಎರಡು ಉತ್ತರ ಹೇಗೆ? ಇನ್ನೊಂದು ವಿಷಯ. 30 ವರ್ಷದ ನನ್ನ ತಮ್ಮನಿಗೆ ಕ್ರಿಯಾಟಿನಿನ್ 1.4, ಇ-ಜಿಎಫ್‌ಆರ್ 69 ಬಂದಿದೆ. ಅವನು ಜಿಮ್‌ಗೆ ಹೋಗುತ್ತಾನೆ, ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುತ್ತಾನೆ. ನಮ್ಮ ಮನೆಯವರಿಗೆಲ್ಲ ಕಿಡ್ನಿ ತೊಂದರೆ ಇದೆಯಾ?

ಉತ್ತರ: ಲ್ಯಾಬಿನವರು ತಪ್ಪು ಮಾಡಿಲ್ಲ. ನಿಮ್ಮ ಡಾಕ್ಟರು ಹೇಳಿದ್ದೂ ಸರಿ. ಎರಡು ಸಾಲಲ್ಲಿ ಒಂದನ್ನೇ ನೋಡುವುದಾದರೆ ಎರಡನೆಯದನ್ನೇ ನೋಡಿ. ಆದರೆ 55 ಎನ್ನುವುದು ಅಳೆದು ಬಂದ ಅಂಕಿ ಅಲ್ಲ, ಲೆಕ್ಕ ಹಾಕಿ ಅಂದಾಜಿಸಿದ್ದು. ಆ ಅಂದಾಜು ಯಾವ ನಂಬಿಕೆಯ ಮೇಲೆ ನಿಂತಿದೆ ಅಂತ ಗೊತ್ತಾದರೆ ಅಮ್ಮನ ಅಂಕಿಯನ್ನೂ ತಮ್ಮನ ಅಂಕಿಯನ್ನೂ ಬೇರೆ ಬೇರೆ ಥರ ಓದಬೇಕು ಅನ್ನೋದು ತಾನಾಗಿ ಅರ್ಥವಾಗುತ್ತದೆ.

ಕಿಡ್ನಿಯ ಮುಖ್ಯ ಕೆಲಸ ರಕ್ತ ಸೋಸುವುದು. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಪುಟ್ಟ ಜರಡಿಗಳಿವೆ. ಆರೋಗ್ಯವಂತ ಯುವಕನಲ್ಲಿ ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ 100ರಿಂದ 125 ಮಿ.ಲೀ. ಸೋಸುತ್ತವೆ. ದಿನಕ್ಕೆ ಹೆಚ್ಚುಕಡಿಮೆ 180 ಲೀಟರ್! ಅದರಲ್ಲಿ ಬಹುಪಾಲನ್ನು ದೇಹ ವಾಪಸ್ ಹೀರಿಕೊಳ್ಳುತ್ತದೆ. ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಲೀಟರ್ ಆಸುಪಾಸು. ಈ ಸೋಸುವ ವೇಗಕ್ಕೇ ಜಿಎಫ್‌ಆರ್ ಅನ್ನುತ್ತಾರೆ. ಮುಂದಿರುವ 'ಇ' ಅಂದರೆ ಅಂದಾಜು ಮಾಡಿದ್ದು.

ನೇರವಾಗಿ ಅಳೆಯೋಕೆ ಆಗಲ್ವಾ? ಆಗುತ್ತದೆ. ಇನುಲಿನ್ ಅನ್ನುವ ಒಂದು ಸಸ್ಯಜನ್ಯ ವಸ್ತುವನ್ನು ರಕ್ತಕ್ಕೆ ಬಿಟ್ಟು, ಅದು ಎಷ್ಟು ಬೇಗ ಮೂತ್ರಕ್ಕೆ ಬರುತ್ತದೆ ಅಂತ ಗಂಟೆಗಟ್ಟಲೆ ನೋಡುವ ವಿಧಾನ 1930ರ ದಶಕದಿಂದಲೇ ಇದೆ. (ಇನ್ಸುಲಿನ್ ಅಲ್ಲ, ಇನುಲಿನ್. ಎರಡಕ್ಕೂ ಸಂಬಂಧವಿಲ್ಲ.) ಈಗ ಐಯೋಹೆಕ್ಸಾಲ್ (ಸ್ಕ್ಯಾನ್ ಮಾಡುವಾಗ ಕೊಡುವ ಒಂದು ದ್ರವ) ಚುಚ್ಚಿಯೂ ಅಳೆಯುತ್ತಾರೆ. ಆದರೆ ಬಿಪಿ ಇರುವ ಪ್ರತಿಯೊಬ್ಬರಿಗೂ ವರ್ಷ ವರ್ಷ ಇದನ್ನು ಮಾಡುತ್ತಾ ಕೂರೋಕಾಗಲ್ಲ. ಅದಕ್ಕೇ ದೇಹದಲ್ಲಿ ತಾನಾಗಿಯೇ ಹುಟ್ಟುವ ಕ್ರಿಯಾಟಿನಿನ್ ಮೊರೆ ಹೋಗುವುದು.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಅಲ್ಲಿ ಶೇಖರವಾಗಿರುವ ಕ್ರಿಯಾಟಿನ್‌ನಲ್ಲಿ ದಿನಕ್ಕೆ ಶೇ 1ರಿಂದ 2ರಷ್ಟು ಕ್ರಿಯಾಟಿನಿನ್ ಆಗಿ ಬದಲಾಗಿ ರಕ್ತಕ್ಕೆ ಸೇರುತ್ತದೆ. ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ನೀರಿನ ತೊಟ್ಟಿ ನೆನೆಸಿಕೊಳ್ಳಿ. ಮೇಲಿಂದ ನಲ್ಲಿ ಬಿಟ್ಟಿದೆ, ಕೆಳಗೆ ತೂತಿದೆ. ತೊಟ್ಟಿಯಲ್ಲಿ ನೀರು ಎಷ್ಟಿದೆ ಅಂತ ನೋಡಿ ತೂತು ಎಷ್ಟು ಕಟ್ಟಿಕೊಂಡಿದೆ ಅಂತ ಹೇಳಬೇಕಾದರೆ ನಲ್ಲಿಯಲ್ಲಿ ಎಷ್ಟು ನೀರು ಬರುತ್ತಿದೆ ಅಂತ ಗೊತ್ತಿರಬೇಕು. ಸ್ನಾಯು ಜಾಸ್ತಿ ಇದ್ದವರಿಗೆ ನಲ್ಲಿ ಜೋರು. ಸಣ್ಣ ಮೈಕಟ್ಟಿನವರಿಗೆ, ವಯಸ್ಸಾದವರಿಗೆ ನಲ್ಲಿ ಸಣ್ಣಗೆ.

'ನಾರ್ಮಲ್' ಅನ್ನುವ ಸಾಲು ಎಡವುವುದು ಇಲ್ಲೇ. ಆ ಮಿತಿಗೆ ನಿಮ್ಮ ಅಮ್ಮನ ವಯಸ್ಸು ಗೊತ್ತಿಲ್ಲ. ಕ್ರಿಯಾಟಿನಿನ್, ವಯಸ್ಸು, ಲಿಂಗ ಇಟ್ಟುಕೊಂಡು ಇ-ಜಿಎಫ್‌ಆರ್ ಲೆಕ್ಕ ಹಾಕುವ ಸೂತ್ರಗಳಿವೆ. ಇವತ್ತು ಹಲವು ಲ್ಯಾಬುಗಳು ಬಳಸುವ 2021ರ ಸಿಕೆಡಿ-ಎಪಿ ಸೂತ್ರಕ್ಕೆ ಅದೇ 1.1 ಹಾಕಿ ನೋಡಿ. 25 ವರ್ಷದ ಗಂಡಸಿಗೆ ಇ-ಜಿಎಫ್‌ಆರ್ 96 ಬರುತ್ತದೆ. 68 ವರ್ಷದ ಗಂಡಸಿಗೆ 73. 68 ವರ್ಷದ ಹೆಂಗಸಿಗೆ 55. ಕ್ರಿಯಾಟಿನಿನ್ ಮೂವರಿಗೂ ಒಂದೇ, ಸೋಸುವ ಶಕ್ತಿ ಮಾತ್ರ ಅಜಗಜಾಂತರ.

ಇನ್ನೊಂದು ತೊಡಕಿದೆ. ಸೋಸುವ ಶಕ್ತಿ ಅರ್ಧಕ್ಕೆ ಇಳಿದರೆ ಕ್ರಿಯಾಟಿನಿನ್ ಎರಡು ಪಟ್ಟಾಗುತ್ತದೆ. 0.6 ಇದ್ದವರಿಗೆ 1.2 ಆದರೂ ರಿಪೋರ್ಟಿನಲ್ಲಿ ಎಷ್ಟೋ ಸಲ ಏನೂ ಗುರುತು ಬೀಳುವುದಿಲ್ಲ. ಒಂದು ಕಿಡ್ನಿ ದಾನ ಮಾಡಿದವರ ಕ್ರಿಯಾಟಿನಿನ್ ಕೂಡ ಹಲವು ಸಲ ನಾರ್ಮಲ್ ಮಿತಿಯೊಳಗೇ ಇರುತ್ತದೆ. ಕ್ರಿಯಾಟಿನಿನ್ ಒಂದನ್ನೇ ನೋಡಿ "ಕಿಡ್ನಿ ಚೆನ್ನಾಗಿದೆ" ಅನ್ನುವುದು ನನಗಂತೂ ಇಷ್ಟವಿಲ್ಲದ ಅಭ್ಯಾಸ.

ಈ ಸೂತ್ರಗಳು ಬಂದ ದಾರಿ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ಮುಂದೆ ಇದರಿಂದ ಗೊಂದಲ ಆಗಬಹುದು. 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಅನ್ನುವ ಇಬ್ಬರು ವಯಸ್ಸು, ತೂಕ, ಕ್ರಿಯಾಟಿನಿನ್ ಇಟ್ಟುಕೊಂಡು ಒಂದು ಸರಳ ಲೆಕ್ಕ ಕೊಟ್ಟರು. 1999ರಲ್ಲಿ ಎಂಡಿಆರ್‌ಡಿ ಸೂತ್ರ ಬಂತು. ಅದನ್ನು ಕಟ್ಟಿದ್ದು ಆಗಲೇ ಕಿಡ್ನಿ ಕಾಯಿಲೆ ಇದ್ದವರ ಮಾಹಿತಿಯಿಂದ. ಹಾಗಾಗಿ ಕಿಡ್ನಿ ಚೆನ್ನಾಗಿರುವವರಿಗೆ ಅದು ಕಡಿಮೆ ಅಂಕಿ ತೋರಿಸುತ್ತಿತ್ತು. 2009ರಲ್ಲಿ ಸಿಕೆಡಿ-ಎಪಿ ಬಂದು ಆ ಕೊರತೆ ಸರಿಯಾಯಿತು. ಇವೆರಡರಲ್ಲೂ ಕಪ್ಪು ವರ್ಣದವರಿಗೆ ಒಂದು ಹೆಚ್ಚುವರಿ ಗುಣಕ ಇತ್ತು. 2021ರಲ್ಲಿ ಅದನ್ನು ತೆಗೆದುಹಾಕಿ ಹೊಸ ಸೂತ್ರ ಮಾಡಿದರು. ತೆಗೆದದ್ದು ಒಳ್ಳೆಯದೇ ಆಯಿತು. ಮೈಬಣ್ಣ ನೋಡಿ ಸ್ನಾಯು ಎಷ್ಟಿದೆ ಅಂತ ಊಹಿಸುವುದು ಯಾವ ಲೆಕ್ಕ ಹೇಳಿ?

ಈಗ ನಿಮಗೆ ಬೇಕಾದ ಮಾತು. ಅಮ್ಮನ ಇದೇ ರಕ್ತ ಹಳೆಯ ಎಂಡಿಆರ್‌ಡಿ ಬಳಸುವ ಲ್ಯಾಬಿಗೆ ಹೋಗಿದ್ದರೆ 55ರ ಬದಲು 49 ಬರುತ್ತಿತ್ತು. ಕಿಡ್ನಿಯಲ್ಲಿ ಏನೂ ಬದಲಾಗದೆ ಆರು ಅಂಕ ಇಳಿದಂತೆ ಕಾಣುತ್ತಿತ್ತು, ಮನೆಯವರೆಲ್ಲ ಗಾಬರಿಯಾಗುತ್ತಿದ್ದಿರಿ. ಅದಕ್ಕೇ ಮುಂದಿನ ಸಲವೂ ಅದೇ ಲ್ಯಾಬಿನಲ್ಲಿ ಮಾಡಿಸಿ. ಬೇರೆ ಕಡೆ ಮಾಡಿಸಿದರೆ ಯಾವ ಸೂತ್ರ ಅಂತ ಕೇಳಿ. ಕ್ರಿಯಾಟಿನಿನ್ ಅಳೆಯುವ ವಿಧಾನವೂ ಎರಡು ಥರ ಇದೆ. ಒಂದು 1886ರಲ್ಲಿ ಮ್ಯಾಕ್ಸ್ ಯಾಫೆ ಕಂಡುಹಿಡಿದ ಪಿಕ್ರಿಕ್ ಆಮ್ಲದ ಬಣ್ಣದ ಪರೀಕ್ಷೆ. ಅಷ್ಟು ಹಳೆಯದಾದರೂ ಇವತ್ತಿಗೂ ಬಹಳ ಕಡೆ ಅದೇ ನಡೆಯುತ್ತಿದೆ. ರಕ್ತದಲ್ಲಿ ಕೀಟೋನ್ ಜಾಸ್ತಿ ಇದ್ದರೆ, ಕೆಲವು ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಅದು ಇಲ್ಲದ ಕ್ರಿಯಾಟಿನಿನ್ ತೋರಿಸಬಹುದು. ಇನ್ನೊಂದು ಎನ್‌ಜೈಮ್ ಬಳಸುವ ವಿಧಾನ. ಅದರಲ್ಲಿ ಈ ಕಾಟ ಕಡಿಮೆ.

55 ಎಷ್ಟು ಗಟ್ಟಿ ಅಂಕಿ? ಅಷ್ಟೇನೂ ಗಟ್ಟಿಯಲ್ಲ. ನೇರವಾಗಿ ಅಳೆದದ್ದಕ್ಕೆ ಹೋಲಿಸಿದರೆ ಹತ್ತರಲ್ಲಿ ಎಂಟು-ಒಂಬತ್ತು ಜನರಿಗೆ ಸೂತ್ರದ ಅಂಕಿ ನಿಜದಿಂದ ಶೇ 30ರೊಳಗೆ ಇರುತ್ತದೆ. ಅಂದರೆ 55 ಬಂದವರ ನಿಜವಾದ ಜಿಎಫ್‌ಆರ್ 42ರಿಂದ 79ರ ನಡುವೆ ಎಲ್ಲಾದರೂ ಇರಬಹುದು. ಉಳಿದ ಒಬ್ಬಿಬ್ಬರದು ಅದಕ್ಕೂ ಹೊರಗೆ. ಇಷ್ಟು ಅಗಲದ ಅಂದಾಜಿಗೆ ದಪ್ಪ ಅಕ್ಷರ ಹಾಕುವುದು ಸ್ವಲ್ಪ ಅತಿಯಾಯಿತು, ಅಲ್ವಾ?

ಜೊತೆಗೆ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಸುಮ್ನೆ ಹಾಗೇ ಒಂದಿಷ್ಟು ಏರಿಳಿಯುತ್ತದೆ. ಅಮ್ಮನಿಗೆ 1.1 ಬದಲು 1.0 ಬಂದಿದ್ದರೆ ಇ-ಜಿಎಫ್‌ಆರ್ 61 ಆಗುತ್ತಿತ್ತು, ಸ್ಟೇಜ್ 3 ಅನ್ನುವ ಮಾತೇ ಬರುತ್ತಿರಲಿಲ್ಲ. 1.2 ಬಂದಿದ್ದರೆ 49. ಕೆಳಗಿನ ಅಂಕಿಗಳಲ್ಲಿ 0.1 ವ್ಯತ್ಯಾಸ ಇಷ್ಟು ದೊಡ್ಡದಾಗಿ ಕಾಣುತ್ತದೆ. ಕ್ರಿಯಾಟಿನಿನ್ 3 ದಾಟಿದವರಲ್ಲಿ ಇದರ ಉಲ್ಟಾ. ಅಮ್ಮನ ವಯಸ್ಸಿನ ಹೆಂಗಸಿಗೆ 3.0 ಇದ್ದರೂ 3.1 ಇದ್ದರೂ ಇ-ಜಿಎಫ್‌ಆರ್ 16ರ ಹತ್ತಿರವೇ. ಆದರೆ ಜನ 3.0 ಇದ್ದದ್ದು 3.1 ಆಯಿತು ಅಂತ ಓಡಿ ಬರುತ್ತಾರೆ, 0.7 ಇದ್ದದ್ದು 1.1 ಆದಾಗ ಯಾರೂ ಬರುವುದಿಲ್ಲ.

ಅಮ್ಮನ ವಿಷಯದಲ್ಲಿ ಇನ್ನೂ ಒಂದು ಅಂಶ ಇದೆ. ಅವರು ಸಣ್ಣ ದೇಹದವರು. ಸೂತ್ರಕ್ಕೆ ವಯಸ್ಸು, ಲಿಂಗ ಗೊತ್ತು. ಮೈಕಟ್ಟು ಗೊತ್ತಿಲ್ಲ. ಆ ವಯಸ್ಸಿನ ಸರಾಸರಿ ಹೆಂಗಸಿಗೆ ಇರುವಷ್ಟು ಸ್ನಾಯು ಇವರಿಗೂ ಇದೆ ಅಂದುಕೊಂಡು ಅದು ಲೆಕ್ಕ ಹಾಕುತ್ತದೆ. ಸ್ನಾಯು ಅದಕ್ಕಿಂತ ಕಡಿಮೆ ಇದ್ದರೆ ನಿಜವಾದ ಜಿಎಫ್‌ಆರ್ 55ಕ್ಕಿಂತ ಕೆಳಗಿರಬಹುದು. ಬಹಳ ದಿನ ಹಾಸಿಗೆ ಹಿಡಿದವರಲ್ಲಿ, ಲಿವರ್ ಕಾಯಿಲೆಯಿಂದ ಸೊರಗಿದವರಲ್ಲಿ, ಕಾಲು ಕಳೆದುಕೊಂಡವರಲ್ಲಿ ಈ ಮೋಸ ದೊಡ್ಡದು. ಕ್ರಿಯಾಟಿನಿನ್ 0.6, ಇ-ಜಿಎಫ್‌ಆರ್ 95 ಅಂತ ರಿಪೋರ್ಟು ಚೆಂದ ಕಾಣುತ್ತದೆ, ಒಳಗೆ ಕಿಡ್ನಿ ಸೋತಿರುತ್ತದೆ.

ಮೈಯಳತೆಯ ಮಾತು ಮಾತ್ರೆಯ ಡೋಸ್ ಹೇಳುವಾಗಲೂ ಬರುತ್ತದೆ. ರಿಪೋರ್ಟಿನಲ್ಲಿ 55ರ ಪಕ್ಕ '1.73 ಚದರ ಮೀಟರಿಗೆ' ಅಂತ ಸಣ್ಣದಾಗಿ ಬರೆದಿರುತ್ತಾರೆ, ನೋಡಿ. ದೇಹದ ಮೇಲ್ಮೈ 1.73 ಚದರ ಮೀಟರ್ ಇದ್ದಿದ್ದರೆ ಎಷ್ಟಾಗುತ್ತಿತ್ತು ಅನ್ನುವ ಲೆಕ್ಕ ಅದು. ಜನರನ್ನು ಒಬ್ಬರಿಗೊಬ್ಬರು ಹೋಲಿಸಲು, ಸ್ಟೇಜ್ ಹೇಳಲು ಅದು ಸರಿ. ಆದರೆ 150 ಸೆಂ.ಮೀ., 48 ಕೆ.ಜಿ. ಇರುವ ಅಮ್ಮನ ಮೈ ಸುಮಾರು 1.41 ಚದರ ಮೀಟರ್. ಅವರ ಕಿಡ್ನಿ ನಿಜಕ್ಕೂ ಸೋಸುತ್ತಿರುವುದು ನಿಮಿಷಕ್ಕೆ 45 ಮಿ.ಲೀ. ಆಯಿತು. ಕಾಕ್‌ಕ್ರಾಫ್ಟ್-ಗಾಲ್ಟ್ ಲೆಕ್ಕದಲ್ಲಿ ಇದೇ 37. ಬಹಳಷ್ಟು ಔಷಧಿಗಳ ಡೋಸ್ ಪಟ್ಟಿ ಇವತ್ತಿಗೂ ಈ ಹಳೆಯ ಲೆಕ್ಕದ ಮೇಲೇ ನಿಂತಿದೆ. ರಕ್ತ ತೆಳುವಾಗಿಸುವ ಮಾತ್ರೆ, ಕೆಲವು ಆಂಟಿಬಯಾಟಿಕ್ ಬರೆಯುವಾಗ ಡಾಕ್ಟರು ಅಮ್ಮನ ತೂಕ ಕೇಳಿದರೆ ಅದಕ್ಕೆ ಕಾರಣ ಇದು. ಕೇಳದಿದ್ದರೆ ನೀವೇ ಹೇಳಿ.

ಹಾಗಾದರೆ ಸ್ಟೇಜ್ 3ಎ ಅಂತ ಒಪ್ಪಿಕೊಳ್ಳಬೇಕಾ? ಇನ್ನೂ ಇಲ್ಲ. ಇ-ಜಿಎಫ್‌ಆರ್ 60ಕ್ಕಿಂತ ಕೆಳಗೆ ಕನಿಷ್ಠ ಮೂರು ತಿಂಗಳು ಉಳಿದರೆ ಮಾತ್ರ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುವುದು. ಇಲ್ಲವೇ ಕಿಡ್ನಿಗೆ ಪೆಟ್ಟು ಬಿದ್ದಿರುವ ಬೇರೆ ಗುರುತು ಅಷ್ಟೇ ಕಾಲ ಇರಬೇಕು. ಡಾಕ್ಟರು ಮೂರು ತಿಂಗಳು ಅಂದದ್ದು ಮುಂದೂಡೋಕಲ್ಲ. ಇನ್ನು ಈ ಸ್ಟೇಜ್ ಅನ್ನುವ ಪದ ಕೇಳಿದ ಕೂಡಲೇ ಜನರಿಗೆ ಕ್ಯಾನ್ಸರ್ ನೆನಪಾಗುತ್ತದೆ. ಇದು ಹಾಗಲ್ಲ. 45ರಿಂದ 59 ಇದ್ದರೆ 3ಎ, 30ರಿಂದ 44 ಇದ್ದರೆ 3ಬಿ, 15ರಿಂದ 29 ಇದ್ದರೆ 4, ಅದಕ್ಕೂ ಕೆಳಗೆ 5. ಡಯಾಲಿಸಿಸ್ ಮಾತು ಬರುವುದು ಸಾಮಾನ್ಯವಾಗಿ 5ನೇ ಹಂತದಲ್ಲಿ, ಅದೂ ಲಕ್ಷಣಗಳನ್ನು ನೋಡಿಕೊಂಡು. 3ಎನಲ್ಲಿರುವ ವಯಸ್ಸಾದವರಲ್ಲಿ ಹೆಚ್ಚಿನವರಿಗೆ ಆ ದಿನ ಬರುವುದೇ ಇಲ್ಲ. ನಲವತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು 1 ಮಿ.ಲೀ. ಇಳಿಯುವುದು ವಯಸ್ಸಿನ ಸಹಜ ಲಕ್ಷಣ.

ಅಮ್ಮನ ರಿಪೋರ್ಟಿನಲ್ಲಿ ನನಗೆ 55ಕ್ಕಿಂತ ಜಾಸ್ತಿ ಕಾಡುತ್ತಿರುವುದು ಅದರಲ್ಲಿ ಇಲ್ಲದ ಒಂದು ಪರೀಕ್ಷೆ. ಮೂತ್ರದಲ್ಲಿ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಮತ್ತು ಕ್ರಿಯಾಟಿನಿನ್ ಅನುಪಾತ, ಲ್ಯಾಬಿನವರು ಯುಎಸಿಆರ್ ಅನ್ನುತ್ತಾರೆ. ಹತ್ತು ವರ್ಷದಿಂದ ಬಿಪಿ ಇರುವವರಿಗೆ ಇದು ಬೇಕೇ ಬೇಕು. ರಕ್ತದ ಪರೀಕ್ಷೆ ಎಷ್ಟು ಸೋಸುತ್ತಿದೆ ಅಂತ ಹೇಳಿದರೆ ಇದು ಜರಡಿ ಹರಿದಿದೆಯಾ ಅಂತ ಹೇಳುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿ.ಗ್ರಾಂ ಒಳಗಿದ್ದರೆ ನೆಮ್ಮದಿ. 30ರಿಂದ 300 ಇದ್ದರೆ ಗಮನ ಕೊಡಬೇಕು, 300 ದಾಟಿದರೆ ಬೇಗ ಕಿಡ್ನಿ ತಜ್ಞರನ್ನು ನೋಡಬೇಕು. ಇ-ಜಿಎಫ್‌ಆರ್ 55 ಇದ್ದು ಆಲ್ಬುಮಿನ್ 10 ಇರುವವರಿಗಿಂತ, ಇ-ಜಿಎಫ್‌ಆರ್ 80 ಇದ್ದು ಆಲ್ಬುಮಿನ್ 600 ಇರುವವರ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ. ಮಾಮೂಲಿ ಯೂರಿನ್ ಟೆಸ್ಟಿನಲ್ಲಿ 'ಆಲ್ಬುಮಿನ್ ನಿಲ್' ಅಂತ ಬಂದಿದ್ದರೆ ಸಾಕು ಅಂದುಕೊಳ್ಳಬೇಡಿ, ಸಣ್ಣ ಸೋರಿಕೆ ಮೂತ್ರದಲ್ಲಿ ಅದ್ದಿ ನೋಡುವ ಆ ಪಟ್ಟಿಗೆ ಸಿಗುವುದಿಲ್ಲ. ಬೆಳಗಿನ ಮೊದಲ ಮೂತ್ರ ಕೊಡಿ. ಜ್ವರ ಅಥವಾ ಉರಿಮೂತ್ರ ಇರುವಾಗ ಮಾಡಿಸಬೇಡಿ, ಸುಳ್ಳೇ ಜಾಸ್ತಿ ತೋರಿಸುತ್ತದೆ.

ಮುಂದಿನ ರಕ್ತ ಪರೀಕ್ಷೆಗೆ ಹೋಗುವ ಮುಂಚೆ ಹನ್ನೆರಡು ಗಂಟೆ ಮಾಂಸ ತಿನ್ನಬಾರದು. ಬೇಯಿಸಿದ ಮಾಂಸದಲ್ಲೇ ಕ್ರಿಯಾಟಿನಿನ್ ಇರುತ್ತದೆ, ಅದು ನೇರ ರಕ್ತಕ್ಕೆ ಸೇರಿ ಕೆಲವು ಗಂಟೆ ಅಂಕಿ ಏರಿಸುತ್ತದೆ. ಖಾಲಿ ಹೊಟ್ಟೆ ಬೇಕಿಲ್ಲ. ನೀರು ಎಂದಿನಂತೆ ಕುಡಿಯಲಿ. ಲೀಟರ್‌ಗಟ್ಟಲೆ ಕುಡಿದು ಕ್ರಿಯಾಟಿನಿನ್ ತೊಳೆದುಬಿಡುತ್ತೇನೆ ಅಂತ ಹೊರಡುವವರಿದ್ದಾರೆ, ಅದರಿಂದ ಕಿಡ್ನಿಗೆ ಏನೂ ಲಾಭವಿಲ್ಲ. ಆದರೆ ವಾಂತಿಭೇದಿ ಆಗಿ ಮೈಯಲ್ಲಿ ನೀರು ಬತ್ತಿದ್ದಾಗ ಅಂಕಿ ಏರುವುದು ನಿಜ, ಆ ವಾರ ಬಿಟ್ಟು ಮಾಡಿಸಿ. ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ನುಂಗುತ್ತಿದ್ದರೆ ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಅಮ್ಮಂದಿರು ಇದನ್ನು 'ಔಷಧಿ' ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನೀವೇ ವಿಚಾರಿಸಿ ನೋಡಿ.

ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಗುಂಪಿನ ಮಾತ್ರೆ ಶುರುಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಜರಡಿಯ ಮೇಲಿನ ಒತ್ತಡ ಇಳಿಸುವುದೇ ಅವುಗಳ ಕೆಲಸ. ಒತ್ತಡ ಇಳಿದಾಗ ಸೋಸುವುದೂ ಒಂಚೂರು ಕಡಿಮೆಯಾಗುತ್ತದೆ. ಮೊದಲ ನಾಲ್ಕು ವಾರದಲ್ಲಿ ಶೇ 30ರೊಳಗಿನ ಏರಿಕೆಯನ್ನು ನಾವು ಸಹಿಸಿಕೊಳ್ಳುತ್ತೇವೆ, ಯಾಕೆಂದರೆ ಮುಂದೆ ಕಿಡ್ನಿ ಕಾಯುವುದೂ ಅದೇ ಮಾತ್ರೆ. ಇನ್ನು ಟ್ರೈಮೆಥೋಪ್ರಿಮ್, ಫೆನೋಫೈಬ್ರೇಟ್ ಥರದ ಔಷಧಿಗಳೂ ಕ್ರಿಯಾಟಿನಿನ್ ಏರಿಸುತ್ತವೆ. ಟ್ರೈಮೆಥೋಪ್ರಿಮ್ ಮಾಡುವುದು ಇಷ್ಟೇ: ಜರಡಿಯಲ್ಲದೆ ಕಿಡ್ನಿಯ ನಾಳಗಳೂ ಒಂದಷ್ಟು ಕ್ರಿಯಾಟಿನಿನ್ ಹೊರಹಾಕುತ್ತವೆ, ಆ ಬಾಗಿಲನ್ನು ಅದು ಅಡ್ಡ ಹಾಕುತ್ತದೆ. ಸೋಸುವುದು ಮೊದಲಿನಷ್ಟೇ ಇದ್ದರೂ ರಿಪೋರ್ಟು ಕೆಟ್ಟದಾಗಿ ಕಾಣುತ್ತದೆ.

ಇ-ಜಿಎಫ್‌ಆರ್ ಪೂರ್ತಿ ಕೈಕೊಡುವ ಒಂದು ಸಂದರ್ಭ ಹೇಳಲೇಬೇಕು. ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದಾಗ. ಎರಡೂ ಕಿಡ್ನಿ ಇವತ್ತು ಪೂರಾ ನಿಂತರೆ ನಾಳೆ ಕ್ರಿಯಾಟಿನಿನ್ 2ರ ಹತ್ತಿರ ಇರಬಹುದು ಅಷ್ಟೇ. ತೊಟ್ಟಿ ತುಂಬಲು ಹೊತ್ತು ಬೇಕು. ಸೂತ್ರ 30-40 ಅಂತ ತೋರಿಸುತ್ತದೆ, ನಿಜ ಸೊನ್ನೆ. ಮೂತ್ರ ತೀರಾ ಕಡಿಮೆಯಾಗಿ ಮುಖ, ಕಾಲು ಊದಿಕೊಂಡವರು ಈ ಅಂಕಿ ಹಿಡಿದುಕೊಂಡು ಮನೆಯಲ್ಲಿ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೂ ಈ ಸೂತ್ರ ಸಲ್ಲದು. ಮಕ್ಕಳಿಗೆ ಎತ್ತರ ಸೇರಿಸಿ ಮಾಡುವ ಬೇರೆ ಲೆಕ್ಕ ಇದೆ.

ಈಗ ತಮ್ಮನ ಕಥೆ. ಅವನದು ಅಮ್ಮನ ಉಲ್ಟಾ. ಸ್ನಾಯು ಜಾಸ್ತಿ, ಮೇಲೆ ಕ್ರಿಯಾಟಿನ್ ಪುಡಿ. ನಲ್ಲಿ ಜೋರಾಗಿದೆ. ಸೂತ್ರ ಅವನನ್ನು 30 ವರ್ಷದ ಸರಾಸರಿ ಗಂಡಸು ಅಂದುಕೊಂಡು 69 ಅಂದಿದೆ. ನಿಜವಾದ ಜಿಎಫ್‌ಆರ್ 100 ಇದ್ದರೂ ಆಶ್ಚರ್ಯವಿಲ್ಲ. ಹಾಗಂತ 'ಜಿಮ್ ಹುಡುಗ, ಬಿಡು' ಅಂತ ತಳ್ಳಿಹಾಕುವುದೂ ಬೇಡ. ಬಿಪಿ ನೋಡಿಸಿ, ಯುಎಸಿಆರ್ ಮಾಡಿಸಿ. ಪುಡಿ ಎರಡು-ಮೂರು ವಾರ ನಿಲ್ಲಿಸಿ, ರಕ್ತ ಕೊಡುವ ಮುಂಚೆ ಎರಡು ದಿನ ಜಿಮ್ ಬಿಟ್ಟು ಕ್ರಿಯಾಟಿನಿನ್ ಮತ್ತೆ ನೋಡಲಿ. ಅದರ ಜೊತೆ ಸಿಸ್ಟಾಟಿನ್ ಸಿ ಅನ್ನುವ ಪರೀಕ್ಷೆಯನ್ನೂ ಕೇಳಲಿ.

ಸಿಸ್ಟಾಟಿನ್ ಸಿ ಒಂದು ಸಣ್ಣ ಪ್ರೋಟೀನ್. ಇದನ್ನು ಮಾಡುವುದು ಸ್ನಾಯು ಮಾತ್ರ ಅಲ್ಲ, ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಮಾಡುತ್ತವೆ. ಹಾಗಾಗಿ ಮೈಕಟ್ಟಿನ ಗೊಡವೆ ಇದಕ್ಕೆ ಕಡಿಮೆ. ಇದಕ್ಕೂ ತನ್ನದೇ ರಗಳೆಗಳಿವೆ: ಥೈರಾಯ್ಡ್ ಹಾರ್ಮೋನ್ ಹೆಚ್ಚಳ, ಸ್ಟೀರಾಯ್ಡ್ ಮಾತ್ರೆ, ಬೊಜ್ಜು, ಸಿಗರೇಟು, ಮೈಯಲ್ಲಿ ಉರಿಯೂತ ಇದ್ದರೆ ಏರುತ್ತದೆ. ಕ್ರಿಯಾಟಿನಿನ್, ಸಿಸ್ಟಾಟಿನ್ ಎರಡನ್ನೂ ಒಟ್ಟಿಗೆ ಹಾಕಿ ಮಾಡುವ ಲೆಕ್ಕ ಒಂಟಿ ಲೆಕ್ಕಗಳಿಗಿಂತ ನಿಜಕ್ಕೆ ಹತ್ತಿರ ಬರುತ್ತದೆ. ತಮ್ಮನಿಗೆ ಇದರಿಂದ ಅಂಕಿ ಮೇಲೆ ಹೋಗುತ್ತದೆ ಅಂತ ನನ್ನ ಊಹೆ. ಅಮ್ಮನಿಗೂ ಮೂರು ತಿಂಗಳ ಹೊತ್ತಿಗೆ ಒಂದು ಸಲ ಮಾಡಿಸಿ. ಅವರದು 55ಕ್ಕಿಂತ ಕೆಳಗೆ ಬಂದರೂ ಹೆದರಬೇಡಿ. ಡಾಕ್ಟರು ಡೋಸ್ ಬರೆಯುವಾಗ ಅದನ್ನೇ ಮುಂದಿಟ್ಟುಕೊಳ್ಳಲಿ.

ಕೊನೆಯದಾಗಿ ಒಂದು ಕೆಲಸ. ಮನೆಯಲ್ಲಿ ಅಮ್ಮನ ಹಳೆಯ ರಿಪೋರ್ಟುಗಳಿದ್ದರೆ ಹುಡುಕಿ, ಐದು ವರ್ಷದ ಹಿಂದಿನದಾದರೂ ಸರಿ. ಆಗಲೂ ಕ್ರಿಯಾಟಿನಿನ್ 1.0 ಅಥವಾ 1.1 ಇದ್ದರೆ ಕಿಡ್ನಿ ಇದ್ದಲ್ಲೇ ನಿಂತಿದೆ, ವರ್ಷಕ್ಕೊಮ್ಮೆ ನೋಡಿದರೆ ಸಾಕಾಗಬಹುದು. ಆಗ 0.7 ಇದ್ದು ಈಗ 1.1 ಆಗಿದ್ದರೆ ಮೂರು ತಿಂಗಳು ಕಾಯಬೇಡಿ, ಆ ಹಳೆಯ ಹಾಳೆಯ ಜೊತೆ ಈ ವಾರವೇ ಡಾಕ್ಟರನ್ನು ನೋಡಿ.